ಆ ಯೋಚನೆ ಸುಳ್ಳೆಂದು ಹೇಳಬೇಕಾದವರು ಯಾರು?

‘ನನ್ನಿಂದ ಯಾರಿಗೂ ಉಪಯೋಗ ಇಲ್ಲ ಡಾಕ್ಟ್ರೇ’ ಎಂದು ಒಬ್ಬರು ಎದುರಿಗೆ ಕೂತು ಹೇಳಿದಾಗ, ಆ ಮಾತು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರ ಯಾರಿಗಿದೆ? ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂಬುದನ್ನು ರೋಗಿ ಒಪ್ಪಲಿ ಬಿಡಲಿ, ಯಂತ್ರ ತೋರಿಸುತ್ತದೆ. ಯೋಚನೆಯನ್ನು ಅಳೆಯಲು ಅಂಥ ಯಂತ್ರ ಇಲ್ಲ. ಆದರೂ ಸಿಬಿಟಿ ಎಂದು ಕರೆಯುವ ಚಿಕಿತ್ಸೆ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆಯನ್ನೂ ಪರೀಕ್ಷೆ ಮಾಡಬಹುದು ಎಂಬ ನಂಬಿಕೆಯ ಮೇಲೆಯೇ ನಿಂತಿದೆ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್, ಖಿನ್ನತೆಯ ರೋಗಿಗಳ ಮನಸ್ಸಿನಲ್ಲಿ ತಾವಾಗಿಯೇ ಹಾದುಹೋಗುವ ಸಣ್ಣ ಸಣ್ಣ ತೀರ್ಪುಗಳನ್ನು ಗಮನಿಸಿದರು. ನಾನು ಕೆಟ್ಟವನು, ಜಗತ್ತು ಕೆಟ್ಟದ್ದು, ಮುಂದೆಯೂ ಹೀಗೇ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಇದೇ ಬಗೆಯ ಚಿಕಿತ್ಸೆ ಕಟ್ಟಿದ ಆಲ್ಬರ್ಟ್ ಎಲಿಸ್, ತಮಗೆ ದಾರಿ ತೋರಿಸಿದವನು ರೋಮ್ ಸಾಮ್ರಾಜ್ಯದಲ್ಲಿ ಗುಲಾಮನಾಗಿದ್ದು ಆಮೇಲೆ ತತ್ತ್ವಜ್ಞಾನಿಯಾದ ಎಪಿಕ್ಟೀಟಸ್ ಎಂದು ಹೇಳಿಕೊಂಡರು. ಆದ್ದರಿಂದ ಇದು ಹುಟ್ಟಿನಿಂದಲೇ ಅರ್ಧ ವೈದ್ಯಕೀಯ, ಅರ್ಧ ತತ್ತ್ವಶಾಸ್ತ್ರ. ಚಿಕಿತ್ಸಕರು ‘ನಿಮ್ಮ ಯೋಚನೆ ತಪ್ಪು’ ಎನ್ನುವುದಿಲ್ಲ. ‘ಇದಕ್ಕೆ ಸಾಕ್ಷಿ ಏನಿದೆ?’ ಎಂದು ಕೇಳುತ್ತಾರೆ, ಬರೆದುಕೊಂಡು ಬನ್ನಿ ಎನ್ನುತ್ತಾರೆ, ಮಾಡಿ ನೋಡಿ ಎನ್ನುತ್ತಾರೆ.

ನಾನು ತಿಪಟೂರಿನಲ್ಲಿ ಜನರಲ್ ಪ್ರಾಕ್ಟೀಸ್ ಮಾಡುವ ವೈದ್ಯ. ಈ ಕಡೆಯ ಹಳಬರು ನಮ್ಮ ಕ್ಲಿನಿಕ್ಕನ್ನು ಈಗಲೂ ‘ಡಾಕ್ಟರ್ ಶಾಪು’ ಅನ್ನುತ್ತಾರೆ. ಅಜ್ಜಿಗೆ ಬಿಪಿ ಮಾತ್ರೆ, ಮಗಳಿಗೆ ಥೈರಾಯ್ಡು, ಮೊಮ್ಮಗುವಿಗೆ ಜ್ವರ, ಒಂದೇ ಮನೆಯ ಮೂರು ತಲೆಮಾರನ್ನು ನೋಡಿದ್ದೇನೆ. ತುಮಕೂರಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆ ಇದ್ದಾರೆ, ಸಿಬಿಟಿಯಲ್ಲಿ ಪಳಗಿದವರು. ನಾವಿಬ್ಬರೂ ಕೂಡಿ ನೋಡಿದ ರೋಗಿಗಳಿಂದ ನನಗೊಂದು ಮಾತು ಖಚಿತವಾಗಿದೆ. ಸಾಕ್ಷಿಯನ್ನು ಹೇಗೆ ಕೇಳಬೇಕು ಎಂಬ ವಿದ್ಯೆ ಆಕೆಯದು. ಸಾಕ್ಷಿ ಎಲ್ಲಿದೆ ಎಂಬುದು ಬಹಳ ಸಲ ನನಗೆ ಗೊತ್ತಿರುತ್ತದೆ. ಈ ಎರಡು ಅರಿವು ಒಂದೆಡೆ ಸೇರದೆ ಇನ್ನೊಬ್ಬರ ಯೋಚನೆಯನ್ನು ಪರೀಕ್ಷೆಗೆ ಒಡ್ಡುವುದು ನ್ಯಾಯವಲ್ಲ ಎಂದು ನಾನು ನಂಬಿದ್ದೇನೆ. ಇಲ್ಲಿ ಬರುವ ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರ ವಿಷಯ. ನಲವತ್ತು ದಾಟಿದ ವಯಸ್ಸು. ನಡುರಾತ್ರಿ ಎದೆ ಡವಡವ ಹೊಡೆದುಕೊಂಡು ಎಚ್ಚರವಾಗುತ್ತದೆ, ಕೈ ಜೋಮು ಹಿಡಿಯುತ್ತದೆ, ಉಸಿರು ಸಾಲದು, ಇನ್ನೇನು ಪ್ರಾಣ ಹೋಯಿತು ಅನ್ನಿಸುತ್ತದೆ. ಅವರ ಅಣ್ಣ ಹೃದಯಾಘಾತದಿಂದ ತೀರಿಕೊಂಡಿದ್ದರು. ಇಂಥವರಿಗೆ ಇಸಿಜಿ ತೆಗೆದು ‘ಏನೂ ಇಲ್ಲ, ಧೈರ್ಯವಾಗಿರಿ’ ಎಂದು ಕಳಿಸುವುದು ನಮ್ಮಲ್ಲಿ ರೂಢಿ. ಆ ಮಾತಿನಲ್ಲಿ ಒಂದು ತಾತ್ತ್ವಿಕ ತೀರ್ಪು ಅಡಗಿದೆ. ಕಾಗದದ ಮೇಲೆ ಮೂಡದ ನೋವು ನೋವೇ ಅಲ್ಲ ಎಂಬ ತೀರ್ಪು. ಅವರ ಬೆವರು ನಿಜ, ನಡುಕ ನಿಜ, ನಿಮಿಷಕ್ಕೆ 130 ಬಾರಿ ಹೊಡೆದುಕೊಂಡ ನಾಡಿ ನಿಜ. ಇಲ್ಲದ್ದು ಅವರು ಹೆದರಿದ ಆ ಒಂದು ಕಾರಣ ಮಾತ್ರ.

ಅದು ಇಲ್ಲ ಎಂದು ಹೇಳುವ ಮೊದಲು ನೋಡಬೇಕಾದ್ದನ್ನೆಲ್ಲ ನೋಡಿರಬೇಕು. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ರಕ್ತ ಕಡಿಮೆಯಾದರೂ ಹೊಡೆದುಕೊಳ್ಳುತ್ತದೆ, ಹೃದಯದ ಲಯವೇ ತಪ್ಪಿದ್ದರೂ ಹಾಗೆಯೇ. ಸಿಬಿಟಿಯಲ್ಲಿ ಇಂಥ ರೋಗಿಗೆ ಕಲಿಸುವ ಮುಖ್ಯ ಪಾಠ, ‘ಎದೆ ಜೋರಾಗಿ ಹೊಡೆದುಕೊಂಡ ಮಾತ್ರಕ್ಕೆ ಅಪಾಯವಿಲ್ಲ’ ಎಂಬುದು. ಆ ಪಾಠ ಕಲಿಸಲು ಚಿಕಿತ್ಸಕಿ ಅವರಿಂದ ಬೇಕೆಂದೇ ಮೆಟ್ಟಿಲು ಹತ್ತಿಸುತ್ತಾರೆ, ವೇಗವಾಗಿ ಉಸಿರಾಡಿಸುತ್ತಾರೆ, ಹೆದರಿಕೆ ತಾನಾಗಿ ಇಳಿಯುವವರೆಗೆ ಅಲ್ಲೇ ನಿಲ್ಲಿಸುತ್ತಾರೆ. ಪಾಠ ಈ ಮನುಷ್ಯನ ಮಟ್ಟಿಗೆ ನಿಜವಾಗಿದ್ದರೆ ಮಾತ್ರ ಅದು ಚಿಕಿತ್ಸೆ, ಇಲ್ಲದಿದ್ದರೆ ಅಪಾಯ. ಅದು ನಿಜ ಎಂದು ಭರವಸೆ ಕೊಡಬೇಕಾದವನು ನಾನು. ‘ಎಲ್ಲ ನಾರ್ಮಲ್’ ಎಂಬ ಒಂದು ಸಾಲಿನ ಚೀಟಿ ಆ ಭರವಸೆ ಆಗುವುದಿಲ್ಲ. ಏನೇನು ನೋಡಿದೆ, ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಎಷ್ಟು ಓಡಿದರು, ಎಷ್ಟರ ಮಟ್ಟಿನ ಶ್ರಮ ಇವರಿಗೆ ಕ್ಷೇಮ, ಎಲ್ಲವನ್ನೂ ಬರೆಯಬೇಕು.

ಇನ್ನೊಂದು ಕಡೆಯಿಂದ ಆಕೆ ನನಗೆ ಹೇಳಿದ್ದು ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಇಂಥ ರೋಗಿ ಬಂದಾಗಲೆಲ್ಲ ಇಸಿಜಿ ತೆಗೆದರೆ ಅವರಿಗೆ ಸಿಗುವುದು ಎರಡು ದಿನದ ನೆಮ್ಮದಿ. ಅದರ ಜೊತೆಗೆ ‘ಇಸಿಜಿ ತೆಗೆಸಿದ್ದಕ್ಕೆ ಬದುಕಿದೆ’ ಎಂಬ ಹೊಸ ನಂಬಿಕೆಯೂ ಬೇರೂರುತ್ತದೆ. ಜೇಬಿನಲ್ಲಿಟ್ಟುಕೊಂಡು ಓಡಾಡುವ ಆಲ್ಪ್ರಜೋಲಾಂ ಮಾತ್ರೆಯದ್ದೂ ಇದೇ ಕಥೆ. ಮಾತ್ರೆ ನುಂಗದೆ ಇದ್ದರೂ ಅದು ಜೇಬಿನಲ್ಲಿದೆ ಎಂಬ ಧೈರ್ಯದ ಮೇಲೆಯೇ ಮನುಷ್ಯ ನಿಂತಿರುತ್ತಾನೆ. ತುಮಕೂರಿನಲ್ಲಿ ಆಕೆ ವಾರವೆಲ್ಲ ಕಟ್ಟಿದ್ದನ್ನು ತಿಪಟೂರಿನಲ್ಲಿ ನಾನು ಐದು ನಿಮಿಷದಲ್ಲಿ ಕೆಡವಬಹುದು, ಅದೂ ಕರುಣೆಯಿಂದಲೇ. ಹಾಗಾಗಿ ಮೂವರೂ ಕೂತು ಒಪ್ಪಂದ ಮಾಡಿಕೊಂಡೆವು. ನಡೆಯುವಾಗ ಎದೆ ಹಿಂಡಿ, ನಿಂತರೆ ಕಡಿಮೆಯಾದರೆ, ನೋವು ದವಡೆಗೋ ತೋಳಿಗೋ ಹರಿದು ತಣ್ಣನೆ ಬೆವರು ಬಂದರೆ, ಎಚ್ಚರ ತಪ್ಪಿದರೆ, ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಬರಬೇಕು. ಹಳೆಯ ಡವಡವಕ್ಕೆ ಮಾತ್ರ ಇಸಿಜಿ ಇಲ್ಲ. ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಅಪಾಯ, ಅದನ್ನು ವಾರವಾರವೂ ಸ್ವಲ್ಪ ಸ್ವಲ್ಪ ಇಳಿಸುವ ಹೊಣೆ ನನ್ನದು.

‘ನನಗೂ ಅಣ್ಣನ ಹಾಗೆಯೇ ಆಗುತ್ತದೆ’ ಎಂಬ ಅವರ ಯೋಚನೆಯನ್ನು ನಾವು ಸುಳ್ಳೆಂದು ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅಪಾಯ ಹೆಚ್ಚು ಎಂಬುದು ನಿಜ. ಸುಳ್ಳಾಗಿದ್ದದ್ದು ‘ಈ ರಾತ್ರಿ, ಈ ಡವಡವದಿಂದ’ ಎಂಬ ಭಾಗ. ನಿಜವಾದ ಭಾಗಕ್ಕೆ ಕೊಲೆಸ್ಟ್ರಾಲ್ ನೋಡಿದೆವು, ಬೀಡಿ ಬಿಡಿಸಿದೆವು. ಸುಳ್ಳಾದ ಭಾಗಕ್ಕೆ ಅವರು ಹತ್ಯಾಳು ಬೆಟ್ಟ ಹತ್ತಿದರು, ಮೊದಲು ಮಗನ ಜೊತೆ, ಆಮೇಲೆ ಒಬ್ಬರೇ. ಒಂದೇ ವಾಕ್ಯದೊಳಗಿನ ಈ ಎರಡು ಭಾಗವನ್ನು ಬೇರೆ ಮಾಡುವುದು ಒಬ್ಬರಿಂದ ಆಗುವ ಕೆಲಸ ಅಲ್ಲ.

ದೇಹ ಮತ್ತು ಮನಸ್ಸನ್ನು ಬೇರೆ ಬೇರೆ ಕಡತಕ್ಕೆ ಹಾಕಿದವನೆಂದು ನಾವೆಲ್ಲ ದೂರುವ ತತ್ತ್ವಜ್ಞಾನಿ ದೆಕಾರ್ತ್‌ನಿಗೆ ಅವೆರಡೂ ಕೂಡುವುದು ಹೇಗೆ ಎಂಬ ಪ್ರಶ್ನೆಯನ್ನು ಅವನ ಕಾಲದಲ್ಲೇ ಒಬ್ಬ ಹೆಣ್ಣುಮಗಳು ಕೇಳಿದ್ದಳು. ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್. ಪಟ್ಟ ಕಳೆದುಕೊಂಡ ರಾಜನ ಮಗಳಾಗಿ ಹಾಲೆಂಡಿನ ಹೇಗ್ ನಗರದಲ್ಲಿ ಆಶ್ರಿತಳಾಗಿ ಬದುಕುತ್ತಿದ್ದಳು. 1643ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಅವಳು ಪತ್ರ ಬರೆದು ಕೇಳಿದಳು: ಆತ್ಮಕ್ಕೆ ಉದ್ದ ಅಗಲವಿಲ್ಲ, ಮುಟ್ಟುವ ಮೈಯಿಲ್ಲ ಎನ್ನುತ್ತೀರಿ, ಹಾಗಾದರೆ ಅದು ದೇಹವನ್ನು ಹೇಗೆ ಅಲುಗಿಸುತ್ತದೆ? ದೆಕಾರ್ತ್ ಕೊಟ್ಟ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಇವೆರಡರ ಕೂಟ ತರ್ಕದಿಂದಲ್ಲ, ದಿನನಿತ್ಯದ ಬದುಕಿನಿಂದ ತಿಳಿಯುವಂಥದ್ದು ಎಂಬಲ್ಲಿಗೆ ಅವನೇ ಕೊನೆಗೆ ಬರಬೇಕಾಯಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಎರಡು ವರ್ಷದ ನಂತರದ ಪತ್ರಗಳು. 1645ರಲ್ಲಿ ಎಲಿಸಬೆತ್‌ಗೆ ಬಿಡದ ಸಣ್ಣ ಜ್ವರ, ಒಣ ಕೆಮ್ಮು. ಇಂಥ ಜ್ವರಕ್ಕೆ ಸಾಮಾನ್ಯವಾದ ಕಾರಣ ದುಃಖ ಎಂದು ದೆಕಾರ್ತ್ ದೂರದಿಂದಲೇ ಬರೆದ. ಮನಸ್ಸನ್ನು ಕಷ್ಟಗಳಿಂದ ಬೇರೆಡೆಗೆ ತಿರುಗಿಸಲು ಹೇಳಿದ, ಆಮೇಲೆ ರೋಮಿನ ತತ್ತ್ವಜ್ಞಾನಿ ಸೆನೆಕಾನ ಪುಸ್ತಕವೊಂದನ್ನು ಇಬ್ಬರೂ ಓದಿ ಚರ್ಚಿಸೋಣ ಎಂದ. ದಿನಾ ಬಂದು ನೋಡುತ್ತಿದ್ದ ವೈದ್ಯರಿಗೆ ಸಿಗದ ಕಾರಣ ದೂರದಲ್ಲಿರುವ ನಿಮಗೆ ಸಿಕ್ಕಿತು ಎಂದು ಅವಳು ಕೃತಜ್ಞತೆಯಿಂದ ಬರೆದಳು. ಆದರೆ ಅಷ್ಟಕ್ಕೇ ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಕೆಲವು ರೋಗಗಳು ಯೋಚಿಸುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತವಲ್ಲ, ಆಗ ವಿವೇಕದಿಂದ ಸುಖಿಯಾಗಿರು ಎಂದು ಹೇಳಿ ಏನು ಪ್ರಯೋಜನ ಎಂದು ಕೇಳಿದಳು. ಅವಳ ದುಃಖಕ್ಕೆ ಕಾರಣಗಳೂ ಕಲ್ಪನೆಯಲ್ಲ. ಮನೆತನ ಬಿದ್ದುಹೋಗಿತ್ತು. ಮುಂದೆ 1649ರಲ್ಲಿ ಅವಳ ಸೋದರಮಾವ, ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ನ ತಲೆಯನ್ನೇ ಕಡಿದರು.

ಹತ್ತಿರದಲ್ಲಿದ್ದ ವೈದ್ಯರು ಜ್ವರ ನೋಡಿದರು, ದೂರದಲ್ಲಿದ್ದ ತತ್ತ್ವಜ್ಞಾನಿ ದುಃಖ ನೋಡಿದ. ಒಬ್ಬರದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಕಾಯಿಲೆ ಬಿದ್ದವಳ ಮೇಲೆಯೇ ಬಿತ್ತು. ಇವತ್ತು ಪ್ಲಾಸ್ಟಿಕ್ ಕವರಿನಲ್ಲಿ ರಿಪೋರ್ಟು ತುಂಬಿಕೊಂಡು ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರ ಹತ್ತಿರ ಅಲೆಯುವ ನಮ್ಮ ಹೆಣ್ಣುಮಕ್ಕಳ ಪಾಡೂ ಇದೇ. ಯೋಚಿಸುವ ಶಕ್ತಿಯೇ ಕುಂದಿರುವಾಗ ಏನು ಮಾಡಬೇಕು ಎಂದು ಎಲಿಸಬೆತ್ ಕೇಳಿದ ಪ್ರಶ್ನೆಗೆ ನನ್ನ ಕಾಲದ ಉತ್ತರವೂ ಪೂರ್ಣವಲ್ಲ, ಆದರೆ ಅಷ್ಟು ಬಡವೂ ಅಲ್ಲ. ಖಿನ್ನತೆ ತೀವ್ರವಾಗಿದ್ದರೆ ಮೊದಲು ಔಷಧಿ, ನಿದ್ದೆ, ಊಟ. ಔಷಧಿಯ ಗುಣ ಕಾಣಲು ಎರಡು ಮೂರು ವಾರವಾದರೂ ಬೇಕು. ತಲೆ ಒಂದಿಷ್ಟು ತಿಳಿಯಾದ ಮೇಲೆ ಯೋಚನೆಯ ಪರೀಕ್ಷೆ. ಆ ಸಮಯ ಬಂದಿದೆಯೇ ಎಂದು ಹೇಳಬಲ್ಲವರು ದಿನವೂ ನೋಡುವವರು.

ಯೋಚನೆ ಪೂರ್ತಿ ನಿಜವೇ ಆಗಿದ್ದರೆ? ಇಡ್ಲಿ ಗಾಡಿ ಇಟ್ಟುಕೊಂಡಿರುವ ಒಬ್ಬ ತಾಯಿ ‘ಬೀದಿಯವರೆಲ್ಲ ನನ್ನ ಬಗ್ಗೇನೇ ಮಾತಾಡ್ತಾರೆ’ ಎಂದು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ತಾನೇ ಊಹಿಸಿಕೊಂಡು ನರಳುವುದು ಸಿಬಿಟಿ ಗುರುತಿಸುವ ಯೋಚನೆಯ ದೋಷಗಳಲ್ಲಿ ಒಂದು. ಆದರೆ ಆ ಬೀದಿ ನನಗೆ ಗೊತ್ತು. ಗಂಡ ಅವರ ಹೆಸರಲ್ಲಿ ಎರಡು ಮೂರು ಕಡೆ ಸಂಘದ ಸಾಲ ಎತ್ತಿದ್ದ. ಕಂತು ವಸೂಲಿಗೆ ಬಂದವರು ಬಾಗಿಲಲ್ಲಿ ನಿಂತು ಕೂಗಾಡಿದ್ದನ್ನು ಅಕ್ಕಪಕ್ಕದವರು ಕೇಳಿದ್ದರು. ಜನ ಮಾತಾಡುತ್ತಿದ್ದದ್ದು ನಿಜ. ಇಂಥ ವಸೂಲಿ ಎಷ್ಟು ಮಿತಿಮೀರಿತ್ತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆಕೆಯ ಒಪ್ಪಿಗೆ ಪಡೆದು ಇದನ್ನು ತುಮಕೂರಿಗೆ ತಿಳಿಸಿದೆ. ಅದರಿಂದ ಚಿಕಿತ್ಸೆಯ ದಿಕ್ಕೇ ಬದಲಾಯಿತು. ‘ಜನ ಮಾತಾಡ್ತಾರಾ ಇಲ್ವಾ’ ಎಂಬುದನ್ನು ಬದಿಗಿಟ್ಟು, ‘ಇದರಿಂದ ಹೊರಗೆ ಬರೋ ದಾರಿಯೇ ಇಲ್ಲ’ ಎಂಬ ಯೋಚನೆಯನ್ನು ಕೈಗೆತ್ತಿಕೊಂಡರು. ಯಾರಿಗೆ ಎಷ್ಟು ಕೊಡಬೇಕು, ಗದರಿಸಿದರೆ ಯಾರಿಗೆ ದೂರು ಕೊಡಬಹುದು, ಗಾಡಿಯನ್ನು ಯಾವ ಬೆಳಿಗ್ಗೆ ಮತ್ತೆ ಹೊರಡಿಸಬಹುದು, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿದರು.

ಇನ್ನೊಂದು ಯೋಚನೆಯೂ ಆಕೆಯನ್ನು ಕಾಡುತ್ತಿತ್ತು: ‘ನಾನು ಸೋಮಾರಿ ಆಗಿಬಿಟ್ಟೆ.’ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.8. ಹನ್ನೆರಡು ಇರಬೇಕಾದ ಕಡೆ ಎಂಟೂ ಇಲ್ಲ. ಇಷ್ಟು ರಕ್ತದಲ್ಲಿ ಬೆಳಗಿನ ಜಾವ ಎದ್ದು ಹಿಟ್ಟು ರುಬ್ಬುತ್ತಿದ್ದ ಹೆಂಗಸು ಸೋಮಾರಿಯಲ್ಲ. ಚಿಕಿತ್ಸೆಯಲ್ಲಿ ಯೋಚನೆಯ ಪರ ವಿರುದ್ಧ ಸಾಕ್ಷಿ ಬರೆಯುವ ಹಾಳೆಯೊಂದು ಇರುತ್ತದೆ. ‘ವಿರುದ್ಧ’ ಎಂಬ ಕಡೆ ಆಕೆ ಆ ಲ್ಯಾಬ್ ರಿಪೋರ್ಟಿನ ಅಂಕಿಯನ್ನೇ ಬರೆದುಕೊಂಡರು. ಕಬ್ಬಿಣದ ಮಾತ್ರೆಯೂ ಮಾತಿನ ಚಿಕಿತ್ಸೆಯೂ ಒಂದೇ ಹಾಳೆಯ ಮೇಲೆ ಸೇರಿದ್ದನ್ನು ನಾನು ಕಂಡದ್ದು ಅಲ್ಲಿ.

ಪಾಪ ಪುಣ್ಯದ ಯೋಚನೆಗಳು ಇದಕ್ಕಿಂತ ಕಷ್ಟ. ನಿವೃತ್ತ ಮೇಷ್ಟ್ರೊಬ್ಬರು, ಸಕ್ಕರೆ ಕಾಯಿಲೆ ಹಳೆಯದು, ಹೆಂಡತಿ ತೀರಿಕೊಂಡ ಮೇಲೆ ಮಂಕಾದರು. ‘ಇದು ಹಿಂದಿನ ಜನ್ಮದ ಪಾಪ, ತೀರಿಸಲೇಬೇಕು’ ಎಂದು ಇನ್ಸುಲಿನ್ ಬಿಟ್ಟರು. ಮನಶ್ಶಾಸ್ತ್ರಜ್ಞೆ ನನಗೆ ಫೋನು ಮಾಡಿ, ‘ಇದು ಅವರ ಧರ್ಮವೋ ಕಾಯಿಲೆಯೋ? ನಾನು ಮುಟ್ಟಬಹುದೋ ಬಾರದೋ?’ ಎಂದು ಕೇಳಿದರು. ಆ ಪ್ರಶ್ನೆ ಕೇಳಿದ್ದಕ್ಕೆ ಆಕೆಯ ಮೇಲೆ ನನ್ನ ಗೌರವ ಇಮ್ಮಡಿಯಾಯಿತು. ಕರ್ಮ ಉಂಟೋ ಇಲ್ಲವೋ ಎಂದು ಹೇಳಲು ಸ್ಟೆತಾಸ್ಕೋಪಿಗೂ ಅಧಿಕಾರವಿಲ್ಲ, ಥೆರಪಿಗೂ ಇಲ್ಲ. ಆದರೆ ಆ ಮೇಷ್ಟ್ರು ಇಡೀ ಆಯುಷ್ಯ ಕರ್ಮವನ್ನು ನಂಬಿಯೇ ಬದುಕಿದ್ದನ್ನು ನಾನು ನೋಡಿದ್ದೆ. ನೊಣವಿನಕೆರೆ ಮಠಕ್ಕೆ ತಪ್ಪದೆ ಹೋಗುತ್ತಿದ್ದರು, ಫೇಲಾದ ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಪಾಠ ಹೇಳುತ್ತಿದ್ದರು. ಅವರ ನಂಬಿಕೆ ಅವರನ್ನು ಕೆಲಸಕ್ಕೆ ಎಬ್ಬಿಸುತ್ತಿತ್ತು, ಊಟ ಬಿಡಿಸುತ್ತಿರಲಿಲ್ಲ. ಈಗ ಮಠಕ್ಕೂ ಹೋಗುತ್ತಿರಲಿಲ್ಲ. ಅವರ ದೇವರು ಇಷ್ಟು ಕಠೋರನಾಗಿದ್ದವನಲ್ಲ ಎಂದು ನಾನು ಆಕೆಗೆ ಹೇಳಿದೆ. ಬಂದಿದ್ದು ಹೊಸ ಶ್ರದ್ಧೆಯಲ್ಲ, ಕಾಯಿಲೆ ಅವರ ಶ್ರದ್ಧೆಯ ಭಾಷೆಯಲ್ಲಿ ಮಾತಾಡುತ್ತಿತ್ತು. ಇದನ್ನು ಕಾಣಲು ಹತ್ತಾರು ವರ್ಷದ ಪರಿಚಯ ಬೇಕು. ಅದು ತುಮಕೂರಿನ ಕೋಣೆಯಲ್ಲಿ ಸಿಗುವಂಥದ್ದಲ್ಲ.

ಆಕೆ ಕರ್ಮದ ಸುದ್ದಿಗೇ ಹೋಗಲಿಲ್ಲ. ‘ಮೇಷ್ಟ್ರೇ, ನಿಮ್ಮ ಶಿಷ್ಯನೊಬ್ಬ ಇದೇ ಸ್ಥಿತಿಯಲ್ಲಿ ಬಂದು ಇದೇ ಮಾತು ಹೇಳಿದ್ದರೆ ಏನು ಹೇಳ್ತಿದ್ರಿ?’ ಎಂದಷ್ಟೇ ಕೇಳಿದರಂತೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಪಾಪ ಇದ್ರೆ ಇರಲಿ, ಮೊದಲು ಊಟ ಮಾಡು ಅಂತಿದ್ದೆ’ ಎಂದರಂತೆ. ಇನ್ಸುಲಿನ್ ಮತ್ತೆ ಶುರುವಾಯಿತು. ನಂಬಿಕೆಗೆ ಯಾರೂ ಕೈ ಹಾಕಲಿಲ್ಲ.

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆ ಮೂರು ಬಗೆ ಎಂದಿದೆ. ಮಂತ್ರ, ಹೋಮ, ಉಪವಾಸಗಳ ದೈವವ್ಯಪಾಶ್ರಯ. ಆಹಾರ ಔಷಧಗಳ ಯುಕ್ತಿವ್ಯಪಾಶ್ರಯ. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆಳೆಯುವ ಸತ್ತ್ವಾವಜಯ. ನಮ್ಮ ಪೂರ್ವಜರಿಗೆ ಸಿಬಿಟಿ ಗೊತ್ತಿತ್ತು ಎಂದು ಬೀಗಲು ನಾನು ಇದನ್ನು ಹೇಳುತ್ತಿಲ್ಲ. ಅಂಥ ಹೆಮ್ಮೆಯಿಂದ ಒಬ್ಬ ರೋಗಿಯೂ ಗುಣವಾಗುವುದಿಲ್ಲ. ಮೂರನ್ನೂ ಒಂದೇ ಶಾಸ್ತ್ರದೊಳಗೆ, ಒಬ್ಬ ವೈದ್ಯನ ಕಣ್ಣೆದುರು ಇಟ್ಟಿದ್ದರು ಎಂಬುದಷ್ಟೇ ನನಗೆ ಮುಖ್ಯ. ಅವು ಈಗ ಮೂರು ಬೀದಿಯಲ್ಲಿ ಮೂರು ಬಾಗಿಲಾಗಿವೆ. ಒಬ್ಬನೇ ಎಲ್ಲವನ್ನೂ ಕಲಿಯುವ ಕಾಲ ಮುಗಿದಿದೆ, ಮಾತಾಡಿಕೊಳ್ಳುವುದೊಂದೇ ಉಳಿದಿರುವ ದಾರಿ.

ನಮ್ಮ ರಾಜ್ಯಕ್ಕೆ ಇದರಲ್ಲಿ ಒಂದು ಚರಿತ್ರೆಯಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆ ಗುರುತಿಸಿ ಔಷಧಿ ಕೊಡಲು ಕಲಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ದೊಡ್ಡ ಕೆಲಸ ಅದು. ಆದರೆ ಹಳ್ಳಿಯವರೆಗೆ ತಲುಪಿದ್ದು ಹೆಚ್ಚಾಗಿ ಮಾತ್ರೆ, ಮಾತು ಬೆಂಗಳೂರಿನಲ್ಲೇ ಉಳಿಯಿತು. ಈಗ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆಯಿದೆ, 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ವಾರವಾರವೂ ಕೂತು ಯೋಚನೆಯನ್ನು ಬಿಡಿಸಿ ನೋಡುವವರು ಮಾತ್ರ ಇನ್ನೂ ವಿರಳ.

ಮಾತು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಅಧ್ಯಯನ ನನಗೆ ಯಾವಾಗಲೂ ನೆನಪಾಗುತ್ತದೆ. ಬ್ರಿಸ್ಟಲ್, ಎಕ್ಸೆಟರ್, ಗ್ಲಾಸ್ಗೋಗಳ 73 ಜನರಲ್ ಪ್ರಾಕ್ಟೀಸುಗಳಲ್ಲಿ, ಖಿನ್ನತೆಯ ಮಾತ್ರೆ ನುಂಗಿಯೂ ಗುಣ ಕಾಣದ 469 ಜನರನ್ನು ಆರಿಸಿ, ಅರ್ಧದಷ್ಟು ಜನರಿಗೆ ತಮ್ಮ ವೈದ್ಯರ ಚಿಕಿತ್ಸೆಯ ಜೊತೆಗೆ ಸಿಬಿಟಿಯನ್ನೂ ಕೊಟ್ಟರು. ಆರು ತಿಂಗಳ ನಂತರ ಅವರಲ್ಲಿ ನೂರಕ್ಕೆ 46 ಜನರ ತೊಂದರೆ ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿದಿತ್ತು. ಬರೀ ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಅದು 22. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಕಂಡಿತು. ತರಬೇತಿ ಪಡೆದ ಆಪ್ತಸಮಾಲೋಚಕರು ಸೇರಿಕೊಂಡಾಗ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಒಳ್ಳೆಯ ಫಲ ಸಿಕ್ಕಿತು. ಖಾಸಗಿ ವೈದ್ಯರ ಕ್ಲಿನಿಕ್ಕುಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಅಲ್ಲಿನ ರೋಗಿಗಳು ಎರಡೂ ಗುಂಪಿನಲ್ಲಿ ಚೆನ್ನಾಗಿಯೇ ಸುಧಾರಿಸುತ್ತಿದ್ದರು. ಲಂಡನ್ನಿನಲ್ಲಿ ಕುಟುಂಬ ವೈದ್ಯರ ಗುಂಪು ಕಟ್ಟಿ ಅವರ ಅನುಭವಗಳನ್ನು ಚರ್ಚಿಸಿದ ಮೈಕಲ್ ಬಾಲಿಂಟ್, ವೈದ್ಯನೇ ಒಂದು ಔಷಧಿ ಎಂದು 1957ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ಗೋವಾದ ಫಲಿತಾಂಶವನ್ನು ಓದುವಾಗ ನನಗೆ ಬಾಲಿಂಟ್ ಕಾಣುತ್ತಾರೆ. ನನ್ನ ಓದು ತಪ್ಪೂ ಇರಬಹುದು, ಆದರೆ ಪರಿಚಯದ ಮುಖದ ಬೆಲೆಯನ್ನು ನಾನು ದಿನಾ ನೋಡುತ್ತೇನೆ.

ಪರಿಚಯಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮರೆತರೆ ಇಷ್ಟು ಹೇಳಿದ್ದೆಲ್ಲ ಅನ್ಯಾಯವಾಗುತ್ತದೆ. ಊರಿನ ಡಾಕ್ಟರಿಗೆ ಎಲ್ಲ ಗೊತ್ತು ಎಂಬುದು ರೋಗಿಯ ಪಾಲಿಗೆ ಭಯವೂ ಹೌದು. ಅಕ್ಕನ ಕಾಯಿಲೆ ಗೊತ್ತಾದರೆ ತಂಗಿಯ ಸಂಬಂಧ ಮುರಿಯುತ್ತದೆ ಎಂದು ಹೆದರುವ ಊರು ನಮ್ಮದು. ನನಗೆ ಗೊತ್ತಿರುವುದೆಲ್ಲ ತುಮಕೂರಿಗೆ ಹೋಗಬೇಕಾಗಿಲ್ಲ, ತುಮಕೂರಿನ ಕೋಣೆಯಲ್ಲಿ ಹೇಳಿದ್ದೆಲ್ಲ ನನಗೆ ಬರಬೇಕಾಗಿಲ್ಲ. ಸಾಯುವ ಯೋಚನೆ ಬಂದರೆ ಮಾತ್ರ ಯಾರು ಯಾರಿಗೆ ಆ ಗಳಿಗೆಯಲ್ಲೇ ಫೋನು ಮಾಡಬೇಕು ಎಂಬುದನ್ನು ಮೊದಲ ದಿನವೇ ರೋಗಿಯ ಎದುರಿಗೆ ಮಾತಾಡಿಕೊಳ್ಳುತ್ತೇವೆ. ಅಂಥ ಯೋಚನೆ ಇದೆಯೇ ಎಂದು ನೇರವಾಗಿ ಕೇಳುತ್ತೇವೆ. ಕೇಳಿದರೆ ಇಲ್ಲದ್ದು ಹುಟ್ಟುತ್ತದೆ ಎಂಬುದು ಸುಳ್ಳು.

ಉಳಿದದ್ದಕ್ಕೆ ನನ್ನ ಪದ್ಧತಿ ಹೀಗೆ. ಮನಶ್ಶಾಸ್ತ್ರಜ್ಞೆಗೆ ಬರೆಯುವ ಪತ್ರವನ್ನು ಕನ್ನಡದಲ್ಲಿ ಬರೆಯುತ್ತೇನೆ, ಅಂಟಿಸುವ ಮೊದಲು ರೋಗಿಗೆ ಓದಿ ಹೇಳುತ್ತೇನೆ. ಯಾವ ಪರೀಕ್ಷೆ ಮಾಡಿದೆ, ಯಾವ ಮಾತ್ರೆ ಎಷ್ಟು, ಮನೆಯ ವಿಷಯದಲ್ಲಿ ಏನು ಹೇಳುತ್ತಿದ್ದೇನೆ, ಏನು ಹೇಳುತ್ತಿಲ್ಲ. ಬೇಡವೆಂದ ಸಾಲನ್ನು ಹೊಡೆದುಹಾಕುತ್ತೇನೆ. ಇಡ್ಲಿ ಗಾಡಿಯ ಆ ತಾಯಿಗೂ ಹೀಗೇ ಓದಿದೆ: ಸಾಲದ ವಿಷಯ, ರಕ್ತ ಕಡಿಮೆ ಇರುವ ವಿಷಯ, ಮನೆಯಿಂದ ಹೊರಗೆ ಬಾರದ ವಿಷಯ. ಕೊನೆಯವರೆಗೂ ಕೇಳಿಸಿಕೊಂಡು, ‘ಇಷ್ಟೇ ಬರೆದ್ರೆ ಅವ್ರು ನನ್ನ ಏನಂತ ತಿಳ್ಕೊತಾರೆ ಡಾಕ್ಟ್ರೇ? ಮೂರು ವರ್ಷದಿಂದ ಇಬ್ರು ಮಕ್ಕಳ ಫೀಸು ನಾನೊಬ್ಳೇ ಕಟ್ಟಿದ್ದೀನಿ, ಅದನ್ನೂ ಹಾಕಿ’ ಎಂದರು. ಮೊದಲ ಸಾಲಿಗೇ ಅದನ್ನು ಹಾಕಿದೆ.